ಹಿಂದ್‌ಮಾತಾದಲ್ಲಿ ಪ್ರತಿ ಮಳೆಗಾಲ ನೀರು ನಿಲ್ಲೋದು ಯಾಕೆ? ಮುಂಬಯಿ ಬೆಳೆದ ಬಗೆ ಬಲ್ಲವರು ಹೇಳಿ

ನಕ್ಷೆಪ್ರಿಯ:
ಕೊಲಾಬಾ, ಪುಟ್ಟ ಕೊಲಾಬಾ, ಬಾಂಬೆ, ಮಝಗಾಂವ್, ಪರೇಲ್, ವರ್ಳಿ, ಮಾಹಿಮ್. ಈ ಏಳು ದ್ವೀಪಗಳ ನಡುವಿನ ಸಮುದ್ರ ತುಂಬಿಸಿ ಮುಂಬಯಿ ಮಾಡಿದರು ಅಂತ ಎಲ್ಲ ಕಡೆ ಬರೆದಿರ್ತಾರೆ. ತುಂಬಿಸಿದ ನೆಲ ಅಂದ್ಮೇಲೆ ಅದು ಸಮುದ್ರಕ್ಕಿಂತ ಎತ್ತರ ಇರಬೇಕಲ್ಲ? ಹಾಗಿದ್ರೆ ದಾದರ್–ಪರೇಲ್ ಮಧ್ಯದ ಹಿಂದ್‌ಮಾತಾದಲ್ಲಿ ಒಂದು ಜೋರು ಮಳೆಗೇ ಮೊಣಕಾಲುದ್ದ ನೀರು ನಿಲ್ಲೋದು ಯಾಕೆ? ಅದು ಸಮುದ್ರದ ದಂಡೆಯೂ ಅಲ್ಲ, ಊರಿನ ನಟ್ಟನಡು. "ಚರಂಡೀಲಿ ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ" ಅನ್ನೋ ಉತ್ತರ ಬೇಡ. ಪ್ಲಾಸ್ಟಿಕ್ ಬರೋಕೆ ಮೊದಲೂ ಅಲ್ಲಿ ನೀರು ನಿಲ್ತಿತ್ತು.

ಗಜನಿ ಗದ್ದೆ:
ತಪ್ಪು ನಿಮ್ಮ ಪ್ರಶ್ನೆಯೊಳಗೇ ಇದೆ. ಎಲ್ಲ ಕಡೆಯೂ ತುಂಬಿಸಲಿಲ್ಲ, ಹಲವು ಕಡೆ ಬರೀ ತಡೆದರು. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ವರ್ಳಿ ಮತ್ತು ಮಹಾಲಕ್ಷ್ಮಿ ನಡುವೆ ದೊಡ್ಡ ಕಂಡಿ ಇತ್ತು. ಭರತ, ಅಂದ್ರೆ ಸಮುದ್ರದ ಉಬ್ಬರ, ಬಂದಾಗ ಸಮುದ್ರ ಅದರಲ್ಲಿ ನುಗ್ಗಿ ಊರೊಳಗಿನ ತಗ್ಗಿನ ತನಕ ಹರಡ್ತಿತ್ತು. ಆ ಕಂಡಿಯನ್ನ 1780ರ ದಶಕದಲ್ಲಿ ಕಲ್ಲಿನ ಒಡ್ಡು ಹಾಕಿ ಮುಚ್ಚಿದರು. ಅದೇ ಹಾರ್ನ್‌ಬಿ ವೆಲ್ಲಾರ್ಡ್, ಇವತ್ತು ಹಾಜಿ ಅಲಿ ಎದುರಿನ ರಸ್ತೆ. ವೆಲ್ಲಾರ್ಡ್ ಅನ್ನೋದು ಪೋರ್ಚುಗೀಸರ ‘ವಲ್ಲಾದೊ’ದಿಂದ ಬಂದದ್ದು, ಒಡ್ಡು ಅಂತಲೇ ಅರ್ಥ. ಸಮುದ್ರ ಹೊರಗೆ ನಿಂತಿತು, ಒಳಗಿನ ತಗ್ಗು ತಗ್ಗಾಗಿಯೇ ಉಳೀತು.

ಕುಮಟಾ ಕಡೆ ಅಘನಾಶಿನಿ ದಂಡೆಯ ಗಜನಿ ಗದ್ದೆ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತೆ. ಸುತ್ತ ಮಣ್ಣಿನ ಕಟ್ಟ, ಕಟ್ಟದಲ್ಲಿ ಹಲಗೆಯ ಬಾಗಿಲು. ಇಳಿತದಲ್ಲಿ ಹಲಗೆ ಎತ್ತಿ ಒಳಗಿನ ಮಳೆನೀರು ಬಿಡಬೇಕು, ಭರತ ಏರೋ ಮುಂಚೆ ಹಲಗೆ ಇಳಿಸಬೇಕು. ಭರತದ ಹೊತ್ತಲ್ಲಿ ಗದ್ದೆ ಹೊರಗಿನ ನೀರಿಗಿಂತ ಕೆಳಗೇ ಇರುತ್ತೆ. ಕಗ್ಗ ಭತ್ತ ಉಪ್ಪನ್ನೂ ತಡ್ಕೊಳ್ಳುತ್ತೆ, ನಿಂತ ನೀರನ್ನೂ ತಡ್ಕೊಳ್ಳುತ್ತೆ, ಹಾಗಾಗಿ ನಡೆಯುತ್ತೆ. ಮುಂಬಯಿಯಲ್ಲಿ ಅಂಥದೇ ತಗ್ಗಿಗೆ ‘ಫ್ಲ್ಯಾಟ್ಸ್’ ಅಂತ ಹೆಸರು. ಬೈಕಲ್ಲಾ, ಮಹಾಲಕ್ಷ್ಮಿ, ಪರೇಲ್ ಮಧ್ಯದ ಬಯಲು. ಅದರ ಮೇಲೆ ಬಟ್ಟೆ ಗಿರಣಿ, ಚಾಳು (ಕೆಲಸಗಾರರ ಸಾಲುಕೋಣೆಯ ಕಟ್ಟಡ), ರೈಲು ಎಲ್ಲ ಬಂದವು.

ಹಳೇ ಟ್ರಾಮ್:
ಒಳ್ಳೆ ಹೋಲಿಕೆ. ಒಂದು ತಿದ್ದುಪಡಿ. ಫ್ಲ್ಯಾಟ್ಸ್ ಪೂರ್ತಿ ಹಾಗೇ ಬಿಡಲಿಲ್ಲ, 19ನೇ ಶತಮಾನದಲ್ಲಿ ತುಂಬಿಸಿದರು. ಆದರೆ ಏನು ಹಾಕಿ? ಊರಿನ ಕಸ, ಬೂದಿ, ಗುಡಿಸಿದ ಮಣ್ಣು. ಕಸ ಕೊಳೆತು ಕುಗ್ಗುತ್ತೆ, ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ. ಆ ನೆಲಕ್ಕೆ ಸಮನಾದ ಇಳಿಜಾರು ಬರೋದೇ ಇಲ್ಲ.

ಪಾಯ್ಧುಣಿ:
ಏಳು ದ್ವೀಪ ಅನ್ನೋ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ನಡುವೆ ಇದ್ದದ್ದು ಆಳ ಕಡಲಲ್ಲ, ಕೆಸರು ಮತ್ತು ಕಾಂಡ್ಲಾ, ಅಂದ್ರೆ ಉಪ್ಪುನೀರಲ್ಲಿ ಬೆಳೆಯೋ ಗಿಡ. ಇಳಿತದಲ್ಲಿ ಹಲವು ಕಡೆ ನಡೆದೇ ದಾಟಬಹುದಿತ್ತು. ಜಾಗದ ಹೆಸರುಗಳೇ ಸಾಕ್ಷಿ. ಪಾಯ್ಧುಣಿ ಅಂದ್ರೆ ಕಾಲು ತೊಳೆಯೋ ಜಾಗ. ಉಮರ್‌ಖಾಡಿಯಲ್ಲಿ ಖಾಡಿ ಇದೆ, ಅಂದ್ರೆ ಕಡಲ ಕೊಲ್ಲಿಯ ಸೀಳು. ಭರತಕ್ಕೆ ದ್ವೀಪ, ಇಳಿತಕ್ಕೆ ಒಂದೇ ನೆಲ. ಪಕ್ಕಾ ರಸ್ತೆಯ ಒಡ್ಡುಗಳು ತಡವಾಗಿ ಬಂದವು: ಕೊಲಾಬಾ ಕಾಸ್‌ವೇ 1838, ಮಾಹಿಮ್ ಕಾಸ್‌ವೇ 1845.

ಚರಂಡಿ ಲೆಕ್ಕ:
ನೀರಿನ ಲೆಕ್ಕಕ್ಕೆ ಬರೋಣ. ಯಾರೂ ಅಂಕಿ ಹಾಕ್ತಿಲ್ಲ.

ಹಳೆ ಮಳೆನೀರು ಚರಂಡಿಗಳನ್ನ ಗಂಟೆಗೆ 25 ಮಿ.ಮೀ. ಮಳೆಗೆ ಕಟ್ಟಿದ್ದು. ಅದರಲ್ಲೂ ಬಿದ್ದ ಮಳೆಯ ಅರ್ಧ ಮಾತ್ರ ಚರಂಡಿಗೆ ಬರುತ್ತೆ, ಉಳಿದರ್ಧ ನೆಲ ಕುಡಿಯುತ್ತೆ ಅನ್ನೋ ಎಣಿಕೆ. ಅಂಗಳ, ತೋಟ, ಕೆರೆ ಇದ್ದ ಕಾಲಕ್ಕೆ ಸರಿ. ಈಗ ಕಾಂಕ್ರೀಟು, ಪೇವರ್ ಬ್ಲಾಕು. ಬಿದ್ದದ್ದೆಲ್ಲ ಚರಂಡಿಗೇ. ಮುಂಬಯಿಯ ಮಳೆನೀರು ಚರಂಡಿಗಳ ಬಗ್ಗೆ 1993ರಲ್ಲಿ ಸಿದ್ಧವಾದ ‘ಬ್ರಿಮ್‌ಸ್ಟೊವಾಡ್’ ವರದಿ ಹೇಳಿದ್ದು ಇದನ್ನೇ: ಗಂಟೆಗೆ 50 ಮಿ.ಮೀ. ಹಿಡೀರಿ, ಪೂರ್ತಿ ನೀರು ಬರುತ್ತೆ ಅಂತ ಹಿಡೀರಿ. ಮಳೆ ಎರಡು ಪಟ್ಟು, ಹರಿವು ಎರಡು ಪಟ್ಟು, ಒಟ್ಟು ನಾಲ್ಕು ಪಟ್ಟು ಸಾಮರ್ಥ್ಯ.

ಒಂದು ಚದರ ಕಿ.ಮೀ. ಜಾಗ ತಗೊಳ್ಳಿ. 50 ಮಿ.ಮೀ. ಬಿದ್ರೆ 50,000 ಘನ ಮೀಟರ್, ಅಂದ್ರೆ 5 ಕೋಟಿ ಲೀಟರ್. ಅದು ಒಂದು ಗಂಟೆಯಲ್ಲಿ ಹೊರಗೆ ಹೋಗಬೇಕಾದ್ರೆ ಸೆಕೆಂಡಿಗೆ ಸುಮಾರು 13,900 ಲೀಟರ್ ಸಾಗಬೇಕು. ಹಳೆ ಲೆಕ್ಕದ ಚರಂಡಿಯಲ್ಲಿ ಸಾಗೋದು ಸುಮಾರು 3,500. ಉಳಿದದ್ದು ಎಲ್ಲಿ ನಿಲ್ಲಬೇಕು? ಎಲ್ಲಿ ಅತೀ ತಗ್ಗೋ ಅಲ್ಲಿ. ಹಿಂದ್‌ಮಾತಾ ಒಂದು ಬಸಿ ಇದ್ದಹಾಗೆ, ಸುತ್ತಲ ರಸ್ತೆಗಳೆಲ್ಲ ಅದರ ಕಡೆಗೇ ಇಳಿಯುತ್ವೆ.

ನಕ್ಷೆಪ್ರಿಯ:
ಅಂದ್ರೆ ಚರಂಡಿ ಅಗಲ ಮಾಡಿದ್ರೆ ಮುಗೀತಲ್ಲ?

ಚರಂಡಿ ಲೆಕ್ಕ:
ಮುಗಿಯಲ್ಲ. ಚರಂಡಿಯ ಬಾಯಿ ಎಲ್ಲಿದೆ ಅನ್ನೋದು ಮುಖ್ಯ. ಮುಂಬಯಿಯಲ್ಲಿ ಮಳೆನೀರು ಸಮುದ್ರ ಸೇರೋ ಬಾಯಿಗಳು 186. ಅದರಲ್ಲಿ 45 ಸರಾಸರಿ ಸಮುದ್ರ ಮಟ್ಟಕ್ಕಿಂತಲೇ ಕೆಳಗೆ. ಉಳಿದವುಗಳಲ್ಲಿ ಹೆಚ್ಚಿನವು ಭರತದ ಮಟ್ಟಕ್ಕಿಂತ ಕೆಳಗೆ. ಭರತ ಏರಿದಾಗ ಸಮುದ್ರದ ನೀರೇ ಆ ಬಾಯಿಯೊಳಗೆ ಹಿಮ್ಮೆಟ್ಟಿ ಬರುತ್ತೆ. ಚರಂಡಿ ಅಗಲ ಮಾಡಿದ್ರೆ ಸಮುದ್ರ ಒಳಗೆ ಬರೋಕೆ ದಾರಿಯೂ ಅಗಲ ಆದಂಗೆ.

ಕಡಲಕರೆ:
ಭರತ 4.5 ಮೀಟರ್ ದಾಟಿದ ದಿನ ಅಷ್ಟೆತ್ತರ ನೀರು ಊರೊಳಗೆ ಬರ್ತದೆ ಅಂತ ಟೀವಿಯವರು ಹೆದರಿಸ್ತಾರಲ್ಲ ಮಾರಾಯ್ರೆ, ಅದು ನಿಜವಾ?

ಹಳೇ ಟ್ರಾಮ್:
ಅಲ್ಲ. ಆ 4.5 ಮೀಟರ್ ಅಳೆಯೋದು ನಾವಿಕರ ನಕ್ಷೆಯ ಸೊನ್ನೆಯಿಂದ, ಅಂದ್ರೆ ಹೆಚ್ಚುಕಮ್ಮಿ ಅತಿ ಇಳಿತದ ಮಟ್ಟದಿಂದ. ಮುಂಬಯಿಯಲ್ಲಿ ಸರಾಸರಿ ಸಮುದ್ರ ಮಟ್ಟ ಆ ಸೊನ್ನೆಗಿಂತ ಸುಮಾರು ಎರಡೂವರೆ ಮೀಟರ್ ಮೇಲಿದೆ. ಹಾಗಾಗಿ 4.5ರ ಭರತ ಅಂದ್ರೆ ಸರಾಸರಿ ಮಟ್ಟಕ್ಕಿಂತ ಸುಮಾರು ಎರಡು ಮೀಟರ್ ಮೇಲೆ. ಮಹಾನಗರಪಾಲಿಕೆಯ ಚರಂಡಿ ನಕ್ಷೆಗಳಲ್ಲಿ ಇನ್ನೊಂದು ಸೊನ್ನೆ ಇದೆ, ‘ಟೌನ್ ಹಾಲ್ ಡೇಟಮ್’. ಮೂರನ್ನೂ ಬೆರೆಸಿ ಹೋಲಿಸಿದವರು ಎಡವೋದು ಇಲ್ಲೇ. ಯಾವ ಅಂಕಿ ಕಂಡ್ರೂ ಮೊದಲು ಯಾವ ಸೊನ್ನೆಯಿಂದ ಅಂತ ಕೇಳಿ.

ಅರಳೆ ಅಂಗಡಿ:
ನೀರಿನ ಮಾತು ಇರಲಿ, ಆ ತಗ್ಗಿನಾಗ ಗಿರಣಿ ಯಾಕ ಬಂದ್ವು ಅನ್ನೂದು ಯಾರೂ ಹೇಳವಲ್ರಿ. ಅದಕ್ಕ ನಮ್ಮ ಧಾರವಾಡ ಸೀಮಿಯ ಸಂಬಂಧ ಐತಿ.

1861ರಾಗ ಅಮೆರಿಕಾದಾಗ ಅಂತರ್ಯುದ್ಧ ಶುರು ಆತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರೋ ಹತ್ತಿ ನಿಂತು, ಬೊಂಬಾಯಿ ಹತ್ತಿಗೆ ಬಂಗಾರದ ಬೆಲಿ ಬಂತು. ಧಾರವಾಡ–ಹುಬ್ಬಳ್ಳಿ ಹತ್ತಿ ಚಕ್ಕಡಿಯೊಳಗ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಕ್ಕ, ಅಲ್ಲಿಂದ ಹಾಯಿ ಹಡಗಿನ್ಯಾಗ ಬೊಂಬಾಯಿಗೆ. ಬೆಳೆದದ್ದು ನಮ್ಮ ಹೊಲದಾಗ, ಪ್ಯಾಟಿಯೊಳಗ ಹೆಸರು ಮಾತ್ರ ‘ಕುಮಟಾ ಹತ್ತಿ’. ಅಮೆರಿಕನ್ ಬೀಜದಿಂದ ಬೆಳೆದದ್ದಕ್ಕ ‘ಧಾರವಾಡ ಅಮೆರಿಕನ್’ ಅಂತಿದ್ರು. 1862ರಾಗ ಉತ್ತರ ಕನ್ನಡ ಜಿಲ್ಲಾನ ಮದ್ರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತ್ಯಕ್ಕ ಸೇರಿಸಿದ್ರಲ್ಲ, ಅದರ ಹಿಂದೂ ಕಾರವಾರ ಬಂದರ ಮತ್ತು ಈ ಹತ್ತಿನ ಇದ್ದದ್ದು. ಹತ್ತಿಯೊಳಗ ಕಲಬೆರಕಿ ಎಷ್ಟು ಹೆಚ್ಚಾತಂದ್ರ 1863ರಾಗ ಹತ್ತಿ ಮೋಸ ತಡೀಲಿಕ್ಕಂತನ ಕಾಯ್ದೆ ತಂದ್ರು.

ಯುದ್ಧ 1865ರಾಗ ಮುಗೀತು, ಬೆಲಿ ನೆಲ ಕಚ್ಚಿತು. ಸಮುದ್ರ ತುಂಬಿಸ್ತೀವಿ ಅಂತ ಹುಟ್ಟಿದ್ದ ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿ ಷೇರು ಹತ್ತು ಪಟ್ಟು ಏರಿತ್ತು, ಅದೂ ಮುಳುಗಿತು. ಊರಿನ ಜನಸಂಖ್ಯಾನ ನೋಡ್ರಿ: 1864ರ ಗಣತಿಯೊಳಗ 8,16,562, 1872ರಾಗ 6,44,405. ರೊಕ್ಕ ಹೋದ ಹಿಂದ ಮಂದಿನೂ ಹೋದ್ರು.

ಆದ್ರ ಹತ್ತಿ ವ್ಯಾಪಾರದ ಗಳಿಕಿ, ಗೋದಾಮು, ರೈಲು ಉಳದ್ವು. ಕಾವಸ್‌ಜಿ ದಾವರ್ ಅವರ ಮೊದಲ ಗಿರಣಿ 1856ರಾಗ ತಾಡದೇವದಾಗ ನೂಲಾಕ ಚಾಲೂ ಆಗಿತ್ತು. ಗಿರಣಿಗೆ ಬೇಕಾದದ್ದು ಅಗ್ಗದ ಸಪಾಟ ಜಾಗ, ಉಗಿ ಯಂತ್ರಕ್ಕ ಕೆರಿ ನೀರು, ಹತ್ರದಾಗ ರೈಲು. ಮೂರೂ ಆ ಫ್ಲ್ಯಾಟ್ಸ್‌ನಾಗ ಸಿಕ್ಕವು. ಅದಕ್ಕನ ಅದು ಗಿರಣಗಾಂವ್, ಅಂದ್ರ ಗಿರಣಿ ಊರು, ಆತು.

ಗಜನಿ ಗದ್ದೆ:
ಅರಳೆ ಅಂಗಡಿಯವರೇ, ಗಿರಣಿ ಕೆರೆ ಅಂದ್ರಲ್ಲ, ಅದೇ ಉತ್ತರದ ಇನ್ನೊಂದು ತುಂಡು. ಪ್ರತಿ ಗಿರಣಿಯ ಕೆರೆ ಮಳೆನೀರಿಗೂ ಒಂದು ತೊಟ್ಟಿಯಾಗಿತ್ತು. ಒಂದೊಂದಾಗಿ ಮುಚ್ಚಿದರು. ಗಿರಣಿ ಹೋಗಿ ಟವರ್ ಬಂದಾಗ ನೆಲವನ್ನೂ ಎತ್ತರಿಸಿದರು, ಕೆಳಗೆ ಕಾರ್ ನಿಲ್ಲಿಸೋ ಪೋಡಿಯಂ. ಅಲ್ಲಿಂದ ಇಳಿದ ನೀರು ಪಕ್ಕದ ಹಳೆ ಚಾಳಿನ ಅಂಗಳಕ್ಕೆ.

ಚಾಳ್ ಮಾಳಿಗೆ:
ಗಿರಣಿ ಜಾಗ ಹೋದ ಬಗೆ ಬರೆಯದೆ ಮುಂದೆ ಹೋಗಬೇಡಿ. 18 ಜನವರಿ 1982ಕ್ಕೆ ಕಾರ್ಮಿಕ ಮುಖಂಡ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಮುಷ್ಕರಕ್ಕೆ ಇಳಿದರು. ಅದು ಗೆಲ್ಲಲಿಲ್ಲ, ಎಷ್ಟೋ ಗಿರಣಿಗಳ ಬಾಗಿಲು ಮತ್ತೆ ತೆರೆಯಲೇ ಇಲ್ಲ. 1991ರ ನಗರಾಭಿವೃದ್ಧಿ ನಿಯಮಾವಳಿಯ ನಿಯಮ 58 ಪ್ರಕಾರ ಗಿರಣಿ ಜಾಗ ಮಾರೋದಾದ್ರೆ ಮೂರು ಪಾಲು: ಒಂದು ಪಾಲು ಪಾಲಿಕೆಗೆ ಬಯಲು ಮತ್ತು ಉದ್ಯಾನಕ್ಕೆ, ಒಂದು ಬಡವರ ಮನೆಗೆ, ಒಂದು ಮಾಲೀಕರಿಗೆ. 2001ರ ತಿದ್ದುಪಡಿಯಲ್ಲಿ ಒಂದೇ ಮಾತು ಬದಲಾಯ್ತು. ಈ ಹಂಚಿಕೆ ಇಡೀ ಜಾಗಕ್ಕಲ್ಲ, ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಅಂತ. ಗಿರಣಿಯಲ್ಲಿ ಶೆಡ್ಡೇ ಹೆಚ್ಚು, ಖಾಲಿ ಜಾಗ ಎಷ್ಟಿರುತ್ತೆ? ಊರಿಗೆ ಬರಬೇಕಿದ್ದ ಬಯಲು ಕೈಬಿಟ್ಟುಹೋಯ್ತು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನ ಎತ್ತಿಹಿಡಿಯಿತು. ನೀರು ಇಂಗಬಹುದಾಗಿದ್ದ ಅಷ್ಟು ದೊಡ್ಡ ನೆಲ ಆ ದ್ವೀಪದಲ್ಲಿ ಇನ್ನೊಂದು ಸಲ ಸಿಗಲ್ಲ. ಇದು ನನಗೆ ಕ್ಷಮಿಸೋಕೆ ಆಗದ ವಿಷಯ.

ವಿಕಾಸವಾದಿ:
ಹಳೆ ಶೆಡ್ಡು ಹಿಡಿದುಕೊಂಡು ಎಷ್ಟು ದಿನ ಕೂರಬೇಕಿತ್ತು? ಅಲ್ಲಿ ಈಗ ಕಚೇರಿಗಳಿವೆ, ಸಾವಿರಾರು ಜನಕ್ಕೆ ಕೆಲಸ ಇದೆ.

ಚಾಳ್ ಮಾಳಿಗೆ:
ಕಚೇರಿ ಬೇಡ ಅಂದವರು ಯಾರು? ಮೂರನೇ ಒಂದು ಪಾಲಿನಲ್ಲೂ ಕಚೇರಿ ಕಟ್ಟಬಹುದಿತ್ತು. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿಯೂ ಎಲ್ಲ ಗಿರಣಿ ಜಾಗವನ್ನ ಒಟ್ಟಿಗೆ ನೋಡಿ ಯೋಜನೆ ಮಾಡೋ ದಾರಿ ತೋರಿಸಿತ್ತು. ಆಗಿದ್ದು ಒಂದೊಂದು ಗೇಟಿನೊಳಗೆ ಒಂದೊಂದು ಯೋಜನೆ. ರಸ್ತೆ ಹಳೇದೇ, ಚರಂಡಿ ಹಳೇದೇ.

ಕಡಲಕರೆ:
ಚಾಳಿನ ಮಾತು ಬಂತಲ್ಲ, ಒಂದು ಸಣ್ಣ ಸೇರ್ಪಡೆ. ಅಲ್ಲಿಯ ಹಳೆ ಮಾಡುಗಳಿಗೆ ಹಾಕಿದ್ದು ನಮ್ಮ ನೇತ್ರಾವತಿ ದಂಡೆಯ ಜೇಡಿಮಣ್ಣಿನ ಹೆಂಚು. ಬಾಸೆಲ್ ಮಿಶನ್‌ನವರ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ 1865ರಲ್ಲಿ ಶುರು ಆದದ್ದು. ಮರಾಠಿಯವರು ಇವತ್ತಿಗೂ ಅದಕ್ಕೆ ‘ಮಂಗಳೂರಿ ಕೌಲ’ ಅಂತಲೇ ಹೇಳುವುದು. ಹೆಂಚು ಹೋದ ದಾರಿಯಲ್ಲೇ ಜನರೂ ಹೋದರು, ಆಗಬೋಟಿನಲ್ಲಿ. ಮೊಗವೀರರ ಸಂಘಟನೆ ಅಲ್ಲಿ 1902ರಷ್ಟು ಹಿಂದೆಯೇ ಉಂಟು.

ಮಾಟುಂಗಾ ಕಾಫಿ:
ಮತ್ತೆ ಮಾಟುಂಗಾ! ಉಡುಪಿ ಹೋಟೆಲು, ಮೈಸೂರು ಅಸೋಸಿಯೇಷನ್ (1926), ಹೂವಿನ ಅಂಗಡಿ ಎಲ್ಲ ಅಲ್ಲೇ ಯಾಕೆ ಸೇರಿಕೊಂಡವು ಅಂತ ಯೋಚಿಸಿದ್ದೀರಾ? ಅದಕ್ಕೂ ಕಾರಣ ಚರಂಡಿಯೇ. 1896ರ ಸೆಪ್ಟೆಂಬರ್‌ನಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿಕೊಳ್ತು. ಡಾ. ಅಕಾಸಿಯೊ ವೀಗಾಸ್ ಅದನ್ನ ಗುರುತಿಸಿದರು. ಧಾನ್ಯದ ಗೋದಾಮು, ಇಲಿ, ಗಾಳಿ ಬೆಳಕಿಲ್ಲದ ಕೋಣೆ, ಉಕ್ಕೋ ಗಟಾರ ಎಲ್ಲ ಒಂದೇ ಕಡೆ. ಊರನ್ನ ಸರಿಮಾಡೋಕೆ ಅಂತ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಸಮುದ್ರದ ಗಾಳಿ ಊರೊಳಗೆ ಬರಲಿ ಅಂತಲೇ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಕೊರೆದರು. ಉತ್ತರದ ದಾದರ್–ಮಾಟುಂಗಾ–ಸಾಯನ್‌ನಲ್ಲಿ ಹೊಸ ಬಡಾವಣೆ ಮಾಡಿದರು. ಗುಮಾಸ್ತರ ಕೆಲಸಕ್ಕೆ ಬಂದ ದಕ್ಷಿಣದವರಿಗೆ ಆಗ ತಾನೇ ಎದ್ದ ಆ ಮನೆಗಳು ಸಿಕ್ಕವು. ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಶುರುವಾಗಿ ಇವತ್ತಿಗೂ ಮಾಟುಂಗಾ ಸ್ಟೇಷನ್ ಪಕ್ಕ ಬಾಳೆಲೆ ಹಾಕ್ತಿದೆ.

ಚಾಳ್ ಮಾಳಿಗೆ:
ಟ್ರಸ್ಟಿನವರ ಬಗ್ಗೆ ಅರ್ಧ ಮಾತ್ರ ಹೇಳಿದ್ರಿ. ಶುರುವಿನಲ್ಲಿ ಅವರು ಕಟ್ಟಿದ್ದಕ್ಕಿಂತ ಕೆಡವಿದ ಕೋಣೆಗಳೇ ಹೆಚ್ಚು. ಅಲ್ಲಿಂದ ಎದ್ದವರು ಪಕ್ಕದ ಓಣಿಯ ಚಾಳಿಗೇ ತುಂಬಿಕೊಂಡರು. ಆಮೇಲೆ 1920ರ ದಶಕದಲ್ಲಿ ಸರ್ಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿದ ಬಿಡಿಡಿ ಚಾಳು ಬಂದವು: ವರ್ಳಿ, ನಾಯಗಾಂವ್, ಶಿವಡಿ, ಡಿಲೈಲ್ ರೋಡ್‌ಗಳಲ್ಲಿ ಒಟ್ಟು 207 ಕಟ್ಟಡ, ಕಟ್ಟಡಕ್ಕೆ 80 ಕೋಣೆ, ಕೋಣೆ 160 ಚದರ ಅಡಿ. ಅವು ಕಾಂಕ್ರೀಟಿನವು.

ಖಾಸಗಿ ಚಾಳಿನ ಪಾಡು ಬೇರೆ: ಸಾಗುವಾನಿ ಕಂಬ–ತೊಲೆ, ನಡುವೆ ಇಟ್ಟಿಗೆ, ಸುಣ್ಣದ ಗಾರೆ. ಕೊಳೆಯೋಕೆ ಶುರುವಾಗೋದು ಹಿಂಬದಿಯ ಸಾಮೂಹಿಕ ಪಾಯಿಖಾನೆ ಕಡೆಯಿಂದ. ನೀರು ಗೋಡೆಗೆ ಇಳಿದು, ಗೋಡೆಯೊಳಗೆ ಹೂತ ತೊಲೆಯ ತುದಿ ಮೆತ್ತಗಾಗುತ್ತೆ. ಹೊರಗೆ ಬಣ್ಣ ಹಚ್ಚಿರೋದ್ರಿಂದ ಕಾಣಲ್ಲ. ಮೇಲೆ ಅಟ್ಟ, ನೀರಿನ ಟಾಂಕಿ ಸೇರಿಸ್ತಾ ಹೋದ್ರೆ ಭಾರ ಏರುತ್ತೆ. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನ 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರರಿಗೆ ಅದು ಪ್ರಾಣ ಉಳಿಸಿತು, ನಿಜ. ಆದರೆ ಆ ಬಾಡಿಗೆಯಲ್ಲಿ ಒಂದು ತೊಲೆ ಬದಲಿಸೋಕೂ ಆಗಲ್ಲ. ದುರಸ್ತಿ ನಿಂತೇಹೋಯ್ತು.

ನಕ್ಷೆಪ್ರಿಯ:
ಮರೀನ್ ಡ್ರೈವ್ ತುಂಬಿಸಿದ ನೆಲವೇ ಅಲ್ವಾ? ಅಲ್ಲಿ ಯಾಕೆ ಪರವಾಗಿಲ್ಲ?

ಹಳೇ ಟ್ರಾಮ್:
ಅಲ್ಲಿ ನಿಜಕ್ಕೂ ತುಂಬಿಸಿದರು, ಭರತದ ಮಟ್ಟಕ್ಕಿಂತ ಮೇಲಕ್ಕೆ. ಸುಲಭಕ್ಕೆ ಆಗಲಿಲ್ಲ ಮಾತ್ರ. 1920ರ ದಶಕದಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದ ಯೋಜನೆ, ಎಂಟು ಬ್ಲಾಕು, 1,145 ಎಕರೆ. ಮೊದಲು ಕಲ್ಲಿನ ಗೋಡೆ, ಆಮೇಲೆ ಬಂದರಿನ ತಳದ ಜೇಡಿಯನ್ನ ಡ್ರೆಜರಿನಿಂದ ಹೀರಿ, ಪೈಪಿನಲ್ಲಿ ತಂದು ಗೋಡೆಯ ಹಿಂದೆ ಸುರಿಯೋದು. ಗೋಡೆ ಸಂದಿಗಳಿಂದ ಸುರಿದ ಮಣ್ಣೇ ವಾಪಸ್ ಸಮುದ್ರಕ್ಕೆ ಸೋರ್ತಿತ್ತು. ಖರ್ಚು ಏರಿತು, ಕಾಂಗ್ರೆಸ್ ನಾಯಕ ಖುರ್ಷೆದ್ ನರಿಮನ್ ಅವ್ಯವಹಾರ ಎತ್ತಿ ಆಡಿದರು, ಹಾರ್ವೆ ಅನ್ನೋ ಅಧಿಕಾರಿ ಮಾನನಷ್ಟ ದಾವೆ ಹಾಕಿದ, ನರಿಮನ್ ಗೆದ್ದರು. ಕಡೆಗೆ 1, 2, 7, 8ನೇ ಬ್ಲಾಕು ಮಾತ್ರ ಮುಗಿದವು. 1 ಮತ್ತು 2 ಇವತ್ತಿನ ಚರ್ಚ್‌ಗೇಟ್–ಮರೀನ್ ಡ್ರೈವ್. ಸ್ವಾತಂತ್ರ್ಯ ಬಂದಮೇಲೆ ತುಂಬಿಸಿದ ಭಾಗಕ್ಕೆ ನರಿಮನ್ ಪಾಯಿಂಟ್ ಅಂತ ಅವರದೇ ಹೆಸರು.

ಬಲ್ಲಾರ್ಡ್ ಎಸ್ಟೇಟ್ ಇನ್ನೂ ಅಚ್ಚುಕಟ್ಟು. ಅಲೆಕ್ಸಾಂಡ್ರಾ ಡಾಕ್ ಅಗೆದ ಕಲ್ಲು ಮಣ್ಣನ್ನೇ ಹಾಕಿ 22 ಎಕರೆ ಎಬ್ಬಿಸಿದರು. ಗಟ್ಟಿ ಭರ್ತಿ, ಕಸ ಅಲ್ಲ.

ಪಾಯ್ಧುಣಿ:
ಉಪನಗರದ ಕತೆ ಬೇರೆಯೇ. 26 ಜುಲೈ 2005ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಸುರಿದಾಗ ಕೊಲಾಬಾದಲ್ಲಿ ಬಿದ್ದದ್ದು ಬರೀ 73. ಉಪನಗರವನ್ನ ಮುಳುಗಿಸಿದ್ದು ಮಿಠಿ ನದಿ. ವಿಹಾರ್, ಪವಾಯಿ ಕೆರೆಗಳ ಕೋಡಿ ನೀರು ಹೊತ್ತು ಮಾಹಿಮ್ ಖಾಡಿಗೆ ಹೋಗೋ ನದಿ. ವಿಮಾನ ನಿಲ್ದಾಣದ ಹತ್ತಿರ ಅದನ್ನ ಲಂಬಕೋನಕ್ಕೆ ತಿರುಗಿಸಿದ್ದಾರೆ, ರನ್‌ವೇ ಅಡಿಗೆ ತೂರಿಸಿದ್ದಾರೆ. ಕೆಳಗೆ ಬಾಂದ್ರಾ–ಕುರ್ಲಾ ಸಂಕೀರ್ಣಕ್ಕಾಗಿ ಜೌಗು ತುಂಬಿಸಿ ಬಾಯಿ ಕಿರಿದಾಗಿಸಿದ್ದಾರೆ. ತಿರುವಿನಲ್ಲಿ ವೇಗ ಕಳೆದುಕೊಂಡ ನೀರು ಹೂಳು ಬಿಡುತ್ತೆ, ಹೂಳು ಕೂತಲ್ಲಿ ಪಾತ್ರ ಮೇಲೇರುತ್ತೆ. ಪ್ರತಿ ವರ್ಷ ಮೇ ತಿಂಗಳೊಳಗೆ ಹೂಳು ತೆಗೀಲೇಬೇಕು.

ಮಾಟುಂಗಾ ಕಾಫಿ:
ವಿಹಾರ್ ಕೆರೆ ಕುಡಿಯೋ ನೀರಿಗಂತ 1860ರಲ್ಲಿ ಆದದ್ದು. ಈಗ ಏಳು ಜಲಾಶಯಗಳಲ್ಲಿ ವಿಹಾರ್, ತುಳಸಿ ಎರಡೂ ಸೇರಿ ಶೇಕಡಾ ಮೂರೂ ದಾಟಲ್ಲ, ಭಾತ್ಸಾ ಒಂದೇ ಹತ್ತಿರತ್ತಿರ ಅರ್ಧ. ಆದ್ರೂ ಟೀವಿಯಲ್ಲಿ ವಿಹಾರ್ ತುಂಬಿತು ಅಂದ್ರೆ ಜನ ನೀರಿನ ಚಿಂತೆ ಮುಗೀತು ಅಂದ್ಕೋತಾರೆ.

ವಿಕಾಸವಾದಿ:
ದ್ವೀಪ ಬಿಟ್ಟು ಆಚೆ ಹೋಗಿ ಅಂತ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಶ್ ಪಟೇಲ್ 1960ರ ದಶಕದಲ್ಲೇ ಹೇಳಿದ್ರಲ್ಲ. 1970ರಲ್ಲಿ ಹೊಸ ಊರು ಕಟ್ಟೋ ಸರ್ಕಾರಿ ನಿಗಮ ಸಿಡ್ಕೊ ಆಯ್ತು, 344 ಚದರ ಕಿ.ಮೀ. ನವಿ ಮುಂಬಯಿ.

ಗಜನಿ ಗದ್ದೆ:
ಹೇಳಿದ್ರು. ಆದರೆ ಮಾನಖುರ್ದ್–ವಾಶಿ ರೈಲು ಬಂದದ್ದು 1992ರಲ್ಲಿ. ಮುಂಬಯಿಯವರು ಮನೆ ಹುಡುಕೋದು ರೈಲಿನ ದಾರಿ ನೋಡಿ, ಇಪ್ಪತ್ತೆರಡು ವರ್ಷ ಯಾರು ಕಾಯ್ತಾರೆ? ಒಂದು ವಿಷಯ ಮಾತ್ರ ಮೆಚ್ಚಬೇಕು. ವಾಶಿ ಕಡೆ ತಗ್ಗಿನಲ್ಲಿ ನೀರು ಹಿಡಿದಿಡೋ ಕೆರೆಗಳನ್ನ ಮೊದಲೇ ಬಿಟ್ಟು, ಬಾಯಿಗೆ ಏಕಮುಖ ಬಾಗಿಲು ಇಟ್ಟರು. ಭರತದಲ್ಲಿ ಮಳೆನೀರು ಕೆರೆಯಲ್ಲಿ ಕಾಯುತ್ತೆ, ಇಳಿತದಲ್ಲಿ ಹೊರಗೆ ಹೋಗುತ್ತೆ. ಪಕ್ಕಾ ಗಜನಿ ವ್ಯವಸ್ಥೆ. ಆ ಕೆರೆಗಳಲ್ಲಿ ಹೂಳು ತುಂಬಿ ಕಾಂಡ್ಲಾ ಬೆಳೆದದ್ದು ಈಗಿನ ತಲೆನೋವು.

ನಕ್ಷೆಪ್ರಿಯ:
ಹಿಂದ್‌ಮಾತಾಕ್ಕೆ ಈಗ ಏನು ಮಾಡಿದ್ದಾರೆ ಹೇಳಿ, ನನ್ನ ಪ್ರಶ್ನೆ ಅಲ್ಲಿಗೆ ಮುಗಿಯುತ್ತೆ.

ಚರಂಡಿ ಲೆಕ್ಕ:
ಅಲ್ಲಿಯ ನೀರು ಪೂರ್ವಕ್ಕೆ, ಬ್ರಿಟಾನಿಯಾ ಪಂಪಿಂಗ್ ಸ್ಟೇಷನ್ ಕಡೆ ಹೋಗುತ್ತೆ. ಭರತದಲ್ಲಿ ಬಾಗಿಲು ಹಾಕಿ, ಪಂಪಿನಿಂದ ಎತ್ತಿ ಸಮುದ್ರಕ್ಕೆ ಬಿಡ್ತಾರೆ. ಈ ಸ್ಟೇಷನ್‌ಗಳ ಒಂದೊಂದು ಪಂಪು ಸೆಕೆಂಡಿಗೆ 6,000 ಲೀಟರ್. ಮೇಲಿನ ಲೆಕ್ಕಕ್ಕೆ ಹಾಕಿದ್ರೆ ಒಂದು ಚದರ ಕಿ.ಮೀ.ಗೆ ಎರಡೂ ಸಾಲಲ್ಲ, ಮೂರು ಬೇಕು. ಇನ್ನೊಂದು ತೊಡಕು: ಪಂಪು ಇರೋದು ಸಮುದ್ರದ ಹತ್ತಿರ, ನೀರು ನಿಲ್ಲೋದು ಬಸಿಯ ತಳದಲ್ಲಿ. ನಡುವಿನ ಚರಂಡಿ ಚಪ್ಪಟೆ, ಅದರೊಳಗೆ ನೀರಿನ ಕೊಳವೆ, ಕೇಬಲ್ ಅಡ್ಡ ಹೋಗಿವೆ. ಪಂಪು ಎಳೆದರೂ ಅಲ್ಲಿಗೆ ನೀರು ಬರೋದು ನಿಧಾನ.

ಅದಕ್ಕೇ 2021ರಿಂದ ಹತ್ತಿರದ ಉದ್ಯಾನ, ಆಟದ ಮೈದಾನದ ಅಡಿಯಲ್ಲಿ ದೊಡ್ಡ ಟಾಂಕಿ ಕಟ್ಟಿ, ಭರತ ಇಳಿಯೋ ತನಕ ನೀರನ್ನ ಅಲ್ಲಿ ಹಿಡಿದಿಡ್ತಾರೆ. ಭರತದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಭರತ ತೀರಾ ಮೇಲಿರೋ ಎರಡು ಮೂರು ಗಂಟೆ ತಳ್ಳಿದ್ರೆ ಸಾಕು, ಬಾಗಿಲು ತೆಗೆದ ಮೇಲೆ ನೀರು ತಾನಾಗಿ ಹರಿಯುತ್ತೆ. ಮುಚ್ಚಿಹಾಕಿದ ಗಿರಣಿ ಕೆರೆಗಳನ್ನ ನೆಲದಡಿ ಮತ್ತೆ ಕಟ್ಟಿದ ಹಾಗೆ. ಬ್ರಿಮ್‌ಸ್ಟೊವಾಡ್ ಯೋಜನೆಯ ಎಂಟು ಪಂಪಿಂಗ್ ಸ್ಟೇಷನ್‌ಗಳಲ್ಲಿ ಆರು ನಡೀತಿವೆ. ಮಾಹುಲ್ ಮತ್ತು ಮೋಗ್ರಾ ಜಮೀನಿನ ತಕರಾರಿನಲ್ಲಿ ವರ್ಷಗಟ್ಟಲೆ ಹಿಂದೆ ಬಿದ್ದವು. ಕುರ್ಲಾ, ಸಾಯನ್ ಹಳಿ ಮುಳುಗೋದನ್ನ ಕೇಳೋರು ಮೊದಲು ಮಾಹುಲ್ ಎಲ್ಲಿಗೆ ಬಂತು ಅಂತ ಕೇಳಬೇಕು.

ಅರಳೆ ಅಂಗಡಿ:
ಟಾಂಕಿ ತುಂಬಿದ ಮ್ಯಾಲೆ ಮತ್ತ ಮಳಿ ಬಂದ್ರ?

ಚರಂಡಿ ಲೆಕ್ಕ:
ಮತ್ತೆ ರಸ್ತೆಗೇ ಬರುತ್ತೆ. ಹಾಗಾಗಿ ಎರಡು ಭರತದ ಮಧ್ಯೆ ಟಾಂಕಿ ಪೂರ್ತಿ ಖಾಲಿ ಆಗಿರಬೇಕು, ತಳದ ಕೆಸರನ್ನೂ ಸೇರಿಸಿ.